ಅಪ್ಪನ ರಾಜನಿಗೆ ಒಂದು ಜಿಗಿತವಿತ್ತು

ನಾನು ಚಿಕ್ಕವಳಿದ್ದ ಕಾಲದಲ್ಲಿ ಚದುರಂಗದಾಟಕ್ಕೆ ಸಾಂಬಾರಿನ ವಾಸನೆ ಇತ್ತು. ನಗಬೇಡಿ ಮಕ್ಕಳೇ, ನಿಜವಾಗಿಯೂ ಇತ್ತು. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲು. ಅಲ್ಲಿ ಅಪ್ಪ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಹೋಟೆಲು ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿತ್ತು. ಸಪ್ಲಾಯರುಗಳು ಬೆಂಚಿನ ಮೇಲೆ ಟವೆಲ್ ಹಾಸಿ ಮಲಗುತ್ತಿದ್ದರು. ಹಿಂದಿನ ಕೋಣೆಯಲ್ಲಿ ರುಬ್ಬುವ ಕಲ್ಲು ಮಾತ್ರ ಗರಗರ ತಿರುಗುತ್ತಿತ್ತು. ಆಗ ಅಪ್ಪನೂ ಗಲ್ಲಾದ ಮೇಲೆ ಕೂರುವ ಮಾಮನೂ ಮೂಲೆಯ ಮೇಜಿನಲ್ಲಿ ಆಟ ಹೂಡುತ್ತಿದ್ದರು.

ಅವರ ಚದುರಂಗದ ಮಣೆ ಎಂದರೆ ಚಹಾಪುಡಿ ಬರುತ್ತಿದ್ದ ಪೆಟ್ಟಿಗೆಯ ಒಂದು ಹಲಗೆ. ಹೋಟೆಲಿನ ಬೋರ್ಡಿಗೆ ಬಳಿದು ಉಳಿದ ಬಣ್ಣದಲ್ಲಿ ಅಪ್ಪ ಅದರ ಮೇಲೆ ಮನೆಗಳನ್ನು ಬರೆದಿದ್ದರು. ಕಾಯಿಗಳು ಮರದವು. ಆದರೆ ಒಂದು ಕುದುರೆ ಎಲ್ಲೋ ಕಳೆದುಹೋಗಿ ಅದರ ಜಾಗದಲ್ಲಿ ಹಳೆಯ ನಲ್ಲಿಯ ಹಿತ್ತಾಳೆ ತಿರುಪು ನಿಂತಿರುತ್ತಿತ್ತು. ಕೆಲವು ಕಾಲಾಳುಗಳ ಬದಲು ಸೋಡಾ ಬಾಟಲಿಯ ಮುಚ್ಚಳಗಳಿದ್ದವು. ಹಲಗೆಯನ್ನು ಎಷ್ಟು ಒರೆಸಿದರೂ ಸಾಂಬಾರಿನ ವಾಸನೆ ಹೋಗುತ್ತಿರಲಿಲ್ಲ. ನಾನು ಶಾಲೆ ಬಿಟ್ಟವಳೇ ಅಲ್ಲಿಗೆ ಓಡುತ್ತಿದ್ದೆ. ಅಪ್ಪನ ಪಕ್ಕದ ಬೆಂಚಿನಲ್ಲಿ ಕೂತು ನೋಡಿ ನೋಡಿಯೇ ಆಟ ಕಲಿತೆ. ನನಗೆ ಹನ್ನೆರಡಾಗುವ ಹೊತ್ತಿಗೆ ಮಾಮ ನನ್ನ ಜೊತೆ ಆಡಲು ಒಪ್ಪುತ್ತಿರಲಿಲ್ಲ. "ಇವಳ ಹತ್ರ ಸೋತರೆ ಗಿರಾಕಿಗಳು ನಗಾಡ್ತಾರೆ ಮಾರಾಯ್ರೆ" ಎನ್ನುತ್ತಿದ್ದರು.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಎಂದು ನಿಮಗೆ ಗೊತ್ತು. ಹೋದ ಭಾನುವಾರ ನೆರೂಳಿನಲ್ಲಿ ನಡೆದ ಟೂರ್ನಮೆಂಟಿನಲ್ಲಿ ನಿಮ್ಮಲ್ಲಿ ಒಬ್ಬಳು ಒಂಟೆಯನ್ನು ಮುಟ್ಟಿ, ಬೇಡವೆಂದು ಕೈ ಹಿಂದೆಗೆದಳು. ಮುಟ್ಟಿದ ಮೇಲೆ ಅದನ್ನೇ ನಡೆಸಬೇಕು ಎಂದರು ಅಲ್ಲಿಯ ತೀರ್ಪುಗಾರರು. ನಡೆಸಿದಳು, ಸೋತಳು. ಬರುವಾಗ ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಮಾತಾಡಿಸಲು ಹೋದರೆ, "ಅಜ್ಜಿ, ಪ್ಲೀಸ್. ಅಭೀ ನಹೀ" ಎಂದಳು. ಸರಿ, ಆಗ ಬೇಡ ಅಂದಿದ್ದಳಲ್ಲ, ಅವಳಿಗೆ ಆಮೇಲೆ ಹೇಳಿದ್ದನ್ನು ಈಗ ನಿಮ್ಮೆಲ್ಲರಿಗೂ ಹೇಳುತ್ತೇನೆ.

ಅಪ್ಪನ ಆಟ ನಿಮ್ಮ ಆಟದಂತೆ ಇರಲಿಲ್ಲ. ಅದು ಊರಿನಿಂದ ಅವರು ತಂದ ಆಟ, ಅವರ ಅಪ್ಪ ಜಗಲಿಯಲ್ಲಿ ಕೂತು ಆಡುತ್ತಿದ್ದ ಆಟ. ಅದರಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ಮುಂದೆ ಹೋಗಬೇಕು. ರಾಜನನ್ನು ಆನೆಯ ಮರೆಗೆ, ಮೂಲೆಗೆ ಸೇರಿಸುವ ಕ್ಯಾಸ್ಲಿಂಗ್ ಎಂಬ ಮಾತೇ ಇಲ್ಲ. ಅದರ ಬದಲು ರಾಜನಿಗೆ ಒಂದು ಜಿಗಿತವಿತ್ತು. ಶಹ, ಅಂದರೆ ನಿಮ್ಮ ಚೆಕ್, ಬೀಳುವ ಮೊದಲು, ಇಡೀ ಆಟದಲ್ಲಿ ಒಂದೇ ಒಂದು ಸಲ, ರಾಜ ಕುದುರೆಯ ಹಾಗೆ ಹಾರಬಹುದಿತ್ತು. ಇನ್ನೊಂದು ನಿಯಮವೂ ಇತ್ತು, ಅದನ್ನೂ ನೆನಪಿಟ್ಟುಕೊಳ್ಳಿ. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಅದು ಆ ಮನೆಯ ಕಾಯಿಯೇ ಆಗಬೇಕು. ಆನೆಯ ಮನೆ ಮುಟ್ಟಿದರೆ ಆನೆ, ಕುದುರೆಯ ಮನೆ ಮುಟ್ಟಿದರೆ ಕುದುರೆ. ಹೊರಟ ಸಾಲು ಯಾವುದೋ ಅದಕ್ಕೆ ತಕ್ಕದ್ದೇ ಸಿಗುತ್ತಿತ್ತು. ಜಗತ್ತಿನಲ್ಲಿ ಎಲ್ಲರೂ ಹೀಗೇ ಆಡುತ್ತಾರೆ ಎಂದು ನಾನು ತಿಳಿದಿದ್ದೆ. ಅಪ್ಪನೂ ಹಾಗೆಯೇ ತಿಳಿದಿದ್ದರು.

ನಾನು ಓದುತ್ತಿದ್ದುದು ಕನ್ನಡ ಶಾಲೆಯಲ್ಲಿ. ಅಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಇತ್ತು. ಮುಂದೆ ಓದಬೇಕೆಂದರೆ ಬೇರೆ ಭಾಷೆಯ ಹೈಸ್ಕೂಲಿಗೆ ಹೋಗಬೇಕು. ಅವರು ನಮ್ಮಂಥವರನ್ನು ಸುಲಭಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಅಕ್ಕನಿಗೆ ಹೀಗೆಯೇ ಸೀಟು ಸಿಗದೆ ಏಳಕ್ಕೇ ನಿಂತುಹೋಗಿತ್ತು. ಅವಳು ನಮ್ಮ ಚಾಳಿನ ಮೇಲಿನ ಮಹಡಿಯ ಟೈಲರಮ್ಮನ ಹತ್ತಿರ ಬ್ಲೌಸುಗಳಿಗೆ ಹುಕ್ಕು ಹಾಕುತ್ತಿದ್ದಳು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಲೆಗಳು. ನಾನು ಏಳನೇ ಕ್ಲಾಸಿಗೆ ಬಂದ ವರ್ಷ ಅವಳು ಒಂದು ದಿನ ಹುಕ್ಕು ಹಾಕುತ್ತಲೇ ಹೇಳಿದಳು: "ನೋಡು, ನನ್ನದು ಆಯ್ತು. ನೀನು ನಿಲ್ಲಬಾರದು. ನಿಂತರೆ ನಾನು ನಿನ್ನ ಹತ್ರ ಮಾತಾಡುವುದಿಲ್ಲ." ಅವಳು ಹೇಳಿದ್ದನ್ನು ಮಾಡುವವಳು.

ನಮ್ಮ ಶಾಲೆಯಲ್ಲಿ ಧಾರವಾಡ ಕಡೆಯ ಒಬ್ಬ ಮಾಸ್ತರಿದ್ದರು. ನಾನು ಹೋಟೆಲಿನಲ್ಲಿ ಆಡುವುದನ್ನು ಅವರು ಒಮ್ಮೆ ಚಹಾ ಕುಡಿಯಲು ಬಂದಾಗ ನೋಡಿದ್ದರು. ಕಲ್ಯಾಣದ ಒಂದು ಹೈಸ್ಕೂಲಿನ ಹೆಡ್‌ಮಾಸ್ತರರಿಗೆ ಚೆಸ್ಸಿನ ಹುಚ್ಚು. ಅವರು ತಮ್ಮ ಶಾಲೆಯಲ್ಲಿ ಮಕ್ಕಳ ಪಂದ್ಯಾವಳಿ ಇಟ್ಟಿದ್ದರು. ನಮ್ಮ ಮಾಸ್ತರು ಹೋಗಿ ಅವರ ಜೊತೆ ಮಾತಾಡಿ ಬಂದರು. ಬಂದವರು ನನ್ನನ್ನು ಕರೆದು, "ಏನವ್ವಾ, ಕೇಳಿಲ್ಲಿ. ಮೊದಲ ಮೂರರೊಳಗ ಬಂದಿ ಅಂದ್ರ ಎಂಟನೇತ್ತಕ್ಕ ಸೀಟು ಕೊಡ್ತೀನಿ ಅಂದಾರ. ನಾಕನೇಕಿ ಬಂದಿ ಅಂದ್ರ ಇಲ್ಲ. ಬಾಯಿಬಿಟ್ಟು ಹೇಳ್ಯಾರ" ಎಂದರು.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಮಾಸ್ತರು ನನಗೆ ಪಂದ್ಯದ ಆಟ ಹೇಳಿಕೊಟ್ಟರು. ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು, ರಾಜನಿಗೂ ಆನೆಗೂ ನಡುವೆ ಜಾಗ ಖಾಲಿಯಿದ್ದರೆ ಕ್ಯಾಸ್ಲಿಂಗ್ ಮಾಡಬಹುದು ಎಂದು ತೋರಿಸಿದರು. ಗಡಿಯಾರ ಒತ್ತುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ. ಮೇಜಿನ ಮೇಲೆ ಡಸ್ಟರ್ ಇಟ್ಟು ಅದನ್ನೇ ಒತ್ತಿಸುತ್ತಿದ್ದರು. ಕಾಲಾಳು ಕೊನೆಯ ಸಾಲು ಮುಟ್ಟುವವರೆಗೆ ನಮ್ಮ ಪಾಠ ಹೋಗಲೇ ಇಲ್ಲ. ರಾಜನ ಜಿಗಿತದ ಮಾತು ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಅಂಥದ್ದೊಂದು ಇದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅದು ಇಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಪಂದ್ಯದ ದಿನ ಭಾನುವಾರ. ಹೋಟೆಲಿಗೆ ಭಾನುವಾರ ಜಾತ್ರೆಯಂಥ ಜನ. ಅಪ್ಪ ಕಾವಲಿ ಬಿಟ್ಟು ಬರುವಂತಿರಲಿಲ್ಲ. ಬೆಳಿಗ್ಗೆ ಅಕ್ಕನೂ ನಾನೂ ಹೋಟೆಲಿನ ಹಿಂಬಾಗಿಲಿಗೆ ಹೋದೆವು. ಅಪ್ಪ ಬಾಳೆ ಎಲೆಯಲ್ಲಿ ಇಡ್ಲಿ, ಗಟ್ಟಿ ಚಟ್ನಿ ಕಟ್ಟಿ ಕೊಟ್ಟರು. ಪೊಟ್ಟಣ ನನ್ನ ಕೈಯಲ್ಲಿ ಬೆಚ್ಚಗಿತ್ತು. ಅಪ್ಪ ಕೈ ಒರೆಸಿಕೊಂಡು ನನ್ನ ಹೆಗಲ ಮೇಲೆ ಇಟ್ಟರು. ಮನೆಯಲ್ಲಿ ನಾವು ಮಾತಾಡುತ್ತಿದ್ದುದು ತುಳು. ನಿಮಗೆ ತಿಳಿಯಲೆಂದು ಅವರ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ರಾಜನ ಜಿಗಿತವನ್ನು ಸುಮ್ಮನೆ ಖರ್ಚು ಮಾಡಬೇಡ ಮಗಾ. ನಿಜವಾಗಿ ಕಷ್ಟ ಬಂದಾಗ ತೆಗಿ. ಅಲ್ಲಿಯವರೆಗೆ ಇಟ್ಟುಕೋ." ನನಗೆ ಕೊಡಲು ಅವರ ಹತ್ತಿರ ಇದ್ದ ಅತಿ ದೊಡ್ಡ ಬುದ್ಧಿಮಾತು ಅದು. ನಾನು ಅದನ್ನು ಇಡ್ಲಿಯ ಪೊಟ್ಟಣದಷ್ಟೇ ಭದ್ರವಾಗಿ ಹಿಡಿದುಕೊಂಡು ಲೋಕಲ್ ರೈಲು ಹತ್ತಿದೆ.

ಕಲ್ಯಾಣದ ಆ ಹೈಸ್ಕೂಲಿನ ಹಾಲು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಉದ್ದನೆಯ ಮೇಜುಗಳು, ಅವುಗಳ ಮೇಲೆ ಸಾಲಾಗಿ ಚೆಸ್ ಬೋರ್ಡುಗಳು. ಪ್ರತಿ ಬೋರ್ಡಿನ ಪಕ್ಕ ಎರಡು ಮುಖದ ಗಡಿಯಾರ. ಅವೆಲ್ಲ ಒಟ್ಟಿಗೆ ಟಿಕ್ ಟಿಕ್ ಎನ್ನುವಾಗ ಹಾಲಿನ ತಗಡಿನ ಮಾಡಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತಿತ್ತು. ಕಾಯಿಗಳ ತಳಕ್ಕೆ ಹಸಿರು ಬಟ್ಟೆ ಅಂಟಿಸಿದ್ದರು. ಇಟ್ಟರೆ ಸದ್ದೇ ಆಗದು. ನಾನು ಒಂದು ಕುದುರೆಯನ್ನು ಎತ್ತಿ ಮೂಸಿದೆ. ಪಾಲಿಶಿನ ವಾಸನೆ. ಸಾಂಬಾರಿನದಲ್ಲ. ಮೆಲ್ಲನೆ ಅದರ ಮನೆಯಲ್ಲೇ ಇಟ್ಟೆ.

ಹುಡುಗಿಯರು ಎಂದರೆ ನಾನು, ಮತ್ತೆ ಟಿಟ್ವಾಳಾದಿಂದ ಬಂದ ಇನ್ನೊಬ್ಬಳು. ಅವಳು ಊಟದ ಹೊತ್ತಿಗೆ ಮನೆಗೆ ಹೋದಳು. ಆಡದವರು ಹಾಲಿನ ಒಳಗೆ ಬರುವಂತಿರಲಿಲ್ಲ. ಅಕ್ಕ ಹೊರಗೆ ವರಾಂಡದಲ್ಲಿ, ಕಿಟಕಿಯ ಕಬ್ಬಿಣದ ಸರಳು ಹಿಡಿದು ನಿಂತಳು. ಬೆಳಗಿನಿಂದ ಆಡಿದ ಆಟಗಳಲ್ಲಿ ಕೆಲವು ಗೆದ್ದೆ, ಒಂದು ಸೋತೆ. ಎಲ್ಲೂ ರಾಜನ ಜಿಗಿತ ತೆಗೆಯಲಿಲ್ಲ. ಇಟ್ಟುಕೊಂಡೇ ಬಂದೆ. ಕೊನೆಯ ಸುತ್ತಿಗೆ ಮೊದಲು ನಮ್ಮ ಮಾಸ್ತರು ಕಿಟಕಿಯ ಹತ್ತಿರ ಬಂದು ಹೇಳಿದರು: "ಇದೊಂದು ಗೆದ್ದರ ಮೂರನೇಕಿ. ಸಮ ಆದರ ನಾಕನೇಕಿ. ತಿಳೀತಿಲ್ಲೋ? ಸಮ ಬ್ಯಾಡ ನಮಗ." ಅಕ್ಕ ಸರಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

ನನ್ನ ಎದುರಾಳಿ ಠಾಣೆಯ ಹುಡುಗ. ನನ್ನಷ್ಟೇ ವಯಸ್ಸು. ಬೂಟು ಮಿರಿಮಿರಿ ಮಿಂಚುತ್ತಿತ್ತು, ತಲೆಗೂದಲನ್ನು ನೀರು ಹಚ್ಚಿ ಬಾಚಿದ್ದ. ಕೂತವನೇ ನನ್ನನ್ನು ಮೇಲಿಂದ ಕೆಳಗೆ ನೋಡಿ ಮರಾಠಿಯಲ್ಲಿ ಕೇಳಿದ, "ಡೋಂಬಿವಲೀಚೀ ಕಾ ತೂ? ಹಾಟೇಲ್‌ವಾಲ್ಯಾಂಚೀ?" ಡೊಂಬಿವಲಿಯವಳಾ, ಹೋಟೆಲಿನವರ ಮಗಳಾ ಎಂದು. "ಹೋ" ಎಂದೆ. ಹೌದು ಎನ್ನಲು ನನಗೇನು ನಾಚಿಕೆ? ಅವನು ಮೂಗು ಎಳೆದು, "ಚಟ್ನೀಚಾ ವಾಸ್ ಯೇತೋಯ್" ಎಂದ. ಚಟ್ನಿಯ ವಾಸನೆ ಬರುತ್ತಿದೆಯಂತೆ. ಬರುತ್ತಿತ್ತು, ಸುಳ್ಳಲ್ಲ. ನಾನು ಗಡಿಯಾರ ಒತ್ತಿದೆ.

ಅವನು ಚೆನ್ನಾಗಿ ಆಡುತ್ತಿದ್ದ. ತನ್ನ ರಾಜನನ್ನು ಬೇಗನೆ ಕ್ಯಾಸ್ಲಿಂಗ್ ಮಾಡಿ ಮೂಲೆಯಲ್ಲಿ ಬಚ್ಚಿಟ್ಟ. ಆಮೇಲೆ ಆನೆಯನ್ನೂ ಮಂತ್ರಿಯನ್ನೂ ಒಂದೇ ಸಾಲಿಗೆ ತಂದು ನನ್ನ ರಾಜನ ಕಡೆ ತಿರುಗಿಸಿದ. ಇನ್ನೊಂದು ನಡೆಗೆ ಶಹ ಬೀಳುವುದು ಖಂಡಿತ. ನನ್ನ ಒಂಟೆಯೂ ಕುದುರೆಯೂ ಇನ್ನೂ ಮನೆ ಬಿಟ್ಟು ಕದಲಿರಲಿಲ್ಲ. ಕ್ಯಾಸ್ಲಿಂಗ್ ಮಾಡಲು ದಾರಿಯೇ ತೆರೆದಿರಲಿಲ್ಲ. ಆಗ ಅಪ್ಪನ ಮಾತು ನೆನಪಾಯಿತು. ನಿಜವಾಗಿ ಕಷ್ಟ ಬಂದಾಗ ತೆಗಿ ಎಂದಿದ್ದರು. ಕಷ್ಟ ಬಂದಿತ್ತು. ಶಹ ಇನ್ನೂ ಬಿದ್ದಿರಲಿಲ್ಲ. ಜಿಗಿತ ನನ್ನ ಹತ್ತಿರ ಹಾಗೆಯೇ ಇತ್ತು.

ನಾನು ರಾಜನನ್ನು ಎತ್ತಿದೆ. ಒಂಟೆಯ ತಲೆಯ ಮೇಲಿಂದ ಹಾರಿಸಿ ಕಾಲಾಳುಗಳ ಮರೆಯಲ್ಲಿ ಇಟ್ಟೆ. ಎಷ್ಟು ಚಂದದ ಜಿಗಿತ! ಮಾಮ ಇದ್ದಿದ್ದರೆ "ಭಲೇ" ಎನ್ನುತ್ತಿದ್ದರು. ನಾನು ಗಡಿಯಾರ ಒತ್ತಿ ತಲೆಯೆತ್ತಿ ನೋಡಿದೆ.

ಠಾಣೆಯ ಹುಡುಗ ಬಾಯಿ ತೆರೆದುಕೊಂಡು ಕೂತಿದ್ದ. ಮರುಕ್ಷಣ ಎದ್ದು ನಿಂತು ಕೂಗಿದ, "ಸರ್! ಹಿನೇ ರಾಜಾ ಘೋಡ್ಯಾಸಾರಖಾ ಉಡವಲಾ!" ಇವಳು ರಾಜನನ್ನು ಕುದುರೆಯ ಹಾಗೆ ಹಾರಿಸಿದಳು! ಅಕ್ಕಪಕ್ಕದ ಬೋರ್ಡಿನ ಹುಡುಗರೆಲ್ಲ ತಿರುಗಿ ನೋಡಿದರು. ಒಬ್ಬ ನಕ್ಕ, ಅವನನ್ನು ನೋಡಿ ಇನ್ನೊಬ್ಬ ನಕ್ಕ. ಗಡಿಯಾರಗಳ ಸದ್ದು ನಗುವಿನಲ್ಲಿ ಮುಚ್ಚಿಹೋಯಿತು. ಯಾರೋ ಹಿಂದಿನಿಂದ ಕುದುರೆಯಂತೆ ಕೆನೆದರು.

ತೀರ್ಪುಗಾರರು ಬಂದರು. ವಯಸ್ಸಾದವರು, ದಪ್ಪ ಕನ್ನಡಕ, ಬಿಳಿ ಪಾಯಿಜಾಮ. ಅವರು ನಗಲಿಲ್ಲ. ಬಗ್ಗಿ ಬೋರ್ಡು ನೋಡಿ, ರಾಜನನ್ನು ಮೆಲ್ಲನೆ ಎತ್ತಿ ಹಳೆಯ ಮನೆಯಲ್ಲಿಟ್ಟರು. "ಬಾಳ, ಅಸಂ ನಾಹೀ ಚಾಲತ್" ಎಂದರು. ಮಗು, ಹಾಗೆ ನಡೆಯುವುದಿಲ್ಲ. ನಾನು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಒಂದು ಸಲ ಹಾರಬಹುದಲ್ಲ, ಶಹ ಬಿದ್ದಿಲ್ಲವಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ಅದು ಹಳೆಯ ಕಾಲದ ಆಟ, ಇಲ್ಲಿ ಅದಿಲ್ಲ. ಮತ್ತೆ ರಾಜನನ್ನು ಮುಟ್ಟಿದ್ದೀಯ, ಆದ್ದರಿಂದ ಈಗ ರಾಜನನ್ನೇ ನಡೆಸಬೇಕು, ಒಂದೇ ಹೆಜ್ಜೆ. ಇಷ್ಟು ಹೇಳಿ ಅವರು ಹೋದರು.

ನನ್ನ ಕಿವಿ ಬಿಸಿಯಾಗಿತ್ತು. ಕಣ್ಣಲ್ಲಿ ನೀರು ತುಂಬಿ ಬೋರ್ಡಿನ ಕಪ್ಪು ಬಿಳಿ ಮನೆಗಳು ಒಂದರೊಳಗೊಂದು ಕಲಸಿಕೊಂಡವು. ಅಪ್ಪನ ಮೇಲೆ ಸಿಟ್ಟು ಬಂತು. ಅಪ್ಪ ನನಗೆ ತಪ್ಪು ಆಟ ಕಲಿಸಿದ್ದಾರೆ ಎನ್ನಿಸಿತು. ಎದ್ದು ಹೋಗಿಬಿಡಲಾ ಎಂದು ಕಿಟಕಿಯ ಕಡೆ ನೋಡಿದೆ. ಅಕ್ಕನಿಗೆ ಒಳಗೆ ಏನಾಯಿತೆಂದು ಗೊತ್ತಿರಲಿಲ್ಲ. ನನ್ನ ಮುಖ ಮಾತ್ರ ಕಾಣುತ್ತಿತ್ತು. ಅವಳು ಸರಳು ಬಿಟ್ಟು ತನ್ನೆರಡು ಕೈಗಳನ್ನು ಎದೆಯ ಮೇಲೆ ಗಟ್ಟಿಯಾಗಿ ಕಟ್ಟಿ ತೋರಿಸಿದಳು. ಕೈ ಕಟ್ಟಿಕೋ. ಮನೆಯಲ್ಲಿ ನಾನು ಅವಸರದಲ್ಲಿ ಚಹಾ ಚೆಲ್ಲಿದಾಗ, ಹೋಮ್‌ವರ್ಕಿನಲ್ಲಿ ಮಸಿ ಹಾಕಿಕೊಂಡಾಗ ಅವಳು ಹೇಳುತ್ತಿದ್ದುದು ಅದನ್ನೇ. ಮೊದಲು ಕೈ ಕಟ್ಟು, ಆಮೇಲೆ ನೋಡು.

ಕೈ ಕಟ್ಟಿದೆ, ನೋಡಿದೆ.

ರಾಜನಿಗೆ ಹೋಗಲು ಇದ್ದ ಒಳ್ಳೆಯ ಜಾಗ ಒಂದೇ, ಮುಂದಕ್ಕೆ ಒಂದು ಹೆಜ್ಜೆ, ಬಯಲಿಗೆ. ಕ್ಯಾಸ್ಲಿಂಗಿನ ಆಸೆ ಇನ್ನು ಇಲ್ಲ. ಠಾಣೆಯ ಹುಡುಗ ಕಾಲು ಅಲ್ಲಾಡಿಸುತ್ತಾ ನಗುತ್ತಿದ್ದ. ಮೂಲೆಯಿಲ್ಲದ ರಾಜ ಎಂದರೆ ಅವನಿಗೆ ಸತ್ತ ರಾಜನೇ. ಆಗ ನನಗೆ ಒಂದು ವಿಷಯ ಹೊಳೆಯಿತು ಮಕ್ಕಳೇ. ಅಪ್ಪನ ಆಟದಲ್ಲಿ ಕ್ಯಾಸ್ಲಿಂಗೇ ಇಲ್ಲವಲ್ಲ! ಅಲ್ಲಿ ಜಿಗಿತ ಮುಗಿದ ಮೇಲೆ ರಾಜನನ್ನು ಕೈಹಿಡಿದು ಒಂದೊಂದೇ ಹೆಜ್ಜೆ ನಡೆಸಿಕೊಂಡೇ ಹೋಗಬೇಕು. ಪ್ರತಿ ಮಧ್ಯಾಹ್ನ ಆ ಹಲಗೆಯ ಮೇಲೆ ನಾನು ನೋಡುತ್ತಿದ್ದುದು ಅದನ್ನೇ ಅಲ್ಲವೇ? ಬಯಲಲ್ಲಿ ನಿಂತ ರಾಜ ನನಗೆ ಹೊಸಬನಲ್ಲ. ಹೊಸಬ ಈ ಹುಡುಗನಿಗೆ.

ರಾಜನನ್ನು ಮುಂದಿಟ್ಟೆ. ಅವನು ಶಹ ಕೊಟ್ಟ. ಪಕ್ಕಕ್ಕೆ ಸರಿದೆ. ಮತ್ತೆ ಶಹ, ಕುದುರೆಯನ್ನು ಅಡ್ಡ ತಂದೆ. ಪ್ರತಿ ಸಲವೂ ಮೊದಲು ಕೈ ಕಟ್ಟಿದೆ, ಆಮೇಲೆ ನಡೆಸಿದೆ. ಅವನ ಕಾಲು ಅಲ್ಲಾಡುವುದು ನಿಂತಿತು. ಅವಸರ ಮಾಡಿ ಮಂತ್ರಿಯನ್ನು ಹತ್ತಿರ ತಂದ. ನಾನು ನನ್ನ ಮಂತ್ರಿಯನ್ನು ಎದುರಿಗಿಟ್ಟೆ. ಮಂತ್ರಿಗೆ ಮಂತ್ರಿ ಹೋಯಿತು. ಆಮೇಲೆ ಆನೆಗೆ ಆನೆ, ಒಂಟೆಗೆ ಒಂಟೆ, ಕುದುರೆಗೆ ಕುದುರೆ. ಬೋರ್ಡು ಖಾಲಿಯಾಗುತ್ತಾ ಬಂತು. ಆಗ ನೋಡಿದರೆ ನನ್ನ ರಾಜ ಬೋರ್ಡಿನ ನಡುವೆ ನಿಂತಿದ್ದಾನೆ, ಅವನ ರಾಜ ದೂರದ ಮೂಲೆಯಲ್ಲಿ ಕಾಲಾಳುಗಳ ಹಿಂದೆ ಕೂತಿದ್ದಾನೆ. ನನ್ನ ರಾಜ ಎಡಗಡೆಗೆ ನಡೆದು ಅವನ ಕಾಲಾಳುಗಳನ್ನು ಒಂದೊಂದಾಗಿ ತಿಂದ. ಅವನ ರಾಜ ಮೂಲೆಯಿಂದ ಹೊರಬಿದ್ದು ನನ್ನ ಕಾಲಾಳುಗಳನ್ನು ತಿಂದ. ಕೊನೆಗೆ ನನಗೂ ಒಂದೇ ಕಾಲಾಳು, ಅವನಿಗೂ ಒಂದೇ ಕಾಲಾಳು. ನನ್ನದು ಕೊನೆಯ ಸಾಲಿಗೆ ಇನ್ನೊಂದೇ ಹೆಜ್ಜೆ ಇತ್ತು, ಪಕ್ಕದಲ್ಲಿ ನನ್ನ ರಾಜ ಕಾವಲು. ಅವನದು ಬೋರ್ಡಿನ ಇನ್ನೊಂದು ಅಂಚಿನಲ್ಲಿ, ಆಗಷ್ಟೇ ಹೊರಟಿತ್ತು.

ಗೆದ್ದೆ ಎಂದುಕೊಂಡಿರಾ? ನಾನು ಹಾಗೆಂದುಕೊಳ್ಳಲಿಲ್ಲ. ಯಾಕೆಂದರೆ ನನ್ನ ಕಾಲಾಳು ಹೋಗುತ್ತಿದ್ದುದು ಕುದುರೆಯ ಮನೆಗೆ. ಅಪ್ಪನ ಆಟದಲ್ಲಿ ಅದು ಕುದುರೆಯೇ ಆಗಬೇಕು. ಕುದುರೆ ಓಡಿ ಹೋಗಿ ಅವನ ಕಾಲಾಳನ್ನು ತಿನ್ನಬಹುದು, ಆದರೆ ಬರೀ ಒಂದು ಕುದುರೆಯಿಂದ ರಾಜನನ್ನು ಕಟ್ಟಿಹಾಕಿ ಮಾತ್ ಮಾಡಲಾಗದು. ಆಟ ಸಮ. ಸಮ ಎಂದರೆ ನಾಲ್ಕನೆಯ ಸ್ಥಾನ. ನಾಲ್ಕನೆಯ ಸ್ಥಾನ ಎಂದರೆ ಟೈಲರಮ್ಮನ ಮನೆಯಲ್ಲಿ ಅಕ್ಕನ ಪಕ್ಕ ಒಂದು ಚಾಪೆ, ಒಂದು ಸೂಜಿ.

ಅಷ್ಟರಲ್ಲಿ ಠಾಣೆಯ ಹುಡುಗ ಕೈ ಚಾಚಿದ. "ಡ್ರಾ?" ಎಂದ. ದನಿ ಬದಲಾಗಿತ್ತು, ಮೆತ್ತಗಾಗಿತ್ತು. ನನ್ನ ಕೈ ಅರ್ಧ ಮೇಲೆ ಬಂದಿತ್ತು. ಅವನ ಕೈ ಕುಲುಕುವುದೊಂದೇ ಬಾಕಿ. ಆಗ ಅವನ ಬೆರಳುಗಳನ್ನು ನೋಡಿದೆ. ನಡುಗುತ್ತಿದ್ದವು. ಸಮ ಆಗುವ ಆಟದಲ್ಲಿ ಯಾರಾದರೂ ಯಾಕೆ ನಡುಗಬೇಕು?

ರಾಜ ಹಾರುವಂತಿಲ್ಲ ಎಂಬ ಒಂದು ನಿಯಮ ಬೆಳಿಗ್ಗೆ ನನಗೆ ಗೊತ್ತಿರಲಿಲ್ಲ. ಇನ್ನೊಂದೂ ಗೊತ್ತಿಲ್ಲದೆ ಇರಬಹುದಲ್ಲ? ನಾನು ಚಾಚಿದ ಕೈಯನ್ನು ಹಾಗೆಯೇ ಮೇಲಕ್ಕೆತ್ತಿ "ಸರ್" ಎಂದೆ. ಹಿಂದಿನಿಂದ ಒಬ್ಬ, "ಆತಾ ಉಂಟ್ ಉಡವಣಾರ್!" ಎಂದ. ಈಗ ಒಂಟೆಯನ್ನು ಹಾರಿಸುತ್ತಾಳೆ ಎಂದು. ಮತ್ತೆ ನಗು. ನಗಲಿ. ಒಂದು ಸಲ ನಕ್ಕಾಗಿತ್ತು, ಇನ್ನೊಂದು ಸಲ ನಕ್ಕರೆ ನನ್ನ ಗಂಟೇನು ಹೋಗುತ್ತದೆ? ತೀರ್ಪುಗಾರರು ಬಂದರು. ನಾನು ನನ್ನ ಹರಕು ಮರಾಠಿಯಲ್ಲಿ ಕೇಳಿದೆ, "ಹೇ ಪ್ಯಾದಂ ತಿಥಂ ಗೇಲಂ ತರ್ ಕಾಯ್ ಹೋತಂ?" ಈ ಕಾಲಾಳು ಅಲ್ಲಿಗೆ ಹೋದರೆ ಏನಾಗುತ್ತದೆ?

ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ತುಲಾ ಕಾಯ್ ಪಾಹಿಜೇ ತೇ" ಎಂದರು. ನಿನಗೇನು ಬೇಕೋ ಅದು.

"ಘೋಡಾಚ್ ನಾಹೀ?" ಕುದುರೆಯೇ ಆಗಬೇಕೆಂದಿಲ್ಲವೇ?

"ನಾಹೀ."

"ವಜೀರ್ ಪಣ್?" ಮಂತ್ರಿ ಕೂಡ?

"ವಜೀರ್ ಪಣ್" ಎಂದರು. ಆಗ ಮೊದಲ ಸಲ ಅವರ ಮೀಸೆ ಸ್ವಲ್ಪ ಅಲುಗಿತು.

ಠಾಣೆಯ ಹುಡುಗ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ನಾನು ಕಾಲಾಳನ್ನು ಒಂದು ಹೆಜ್ಜೆ ಮುಂದಿಟ್ಟು, ಬದಿಗೆ ಬಿದ್ದಿದ್ದ ನನ್ನ ಮಂತ್ರಿಯನ್ನು ಎತ್ತಿ ಕುದುರೆಯ ಮನೆಯಲ್ಲಿ ನಿಲ್ಲಿಸಿದೆ. ಅವನ ಕಾಲಾಳನ್ನು ನನ್ನ ಮಂತ್ರಿ ತಿನ್ನುವವರೆಗೂ ಅವನು ಆಡಿದ. ಆಮೇಲೆ ತನ್ನ ರಾಜನನ್ನು ಮೆಲ್ಲನೆ ಮಲಗಿಸಿದ. ಎದ್ದು ಹೋಗುವಾಗ ನಿಂತು, "ತೋ ಉಡೀಚಾ ನಿಯಮ್ ಖರಾ ಆಹೇ ಕಾ?" ಎಂದು ಕೇಳಿದ. ಆ ಜಿಗಿತದ ನಿಯಮ ನಿಜವಾಗಿ ಇದೆಯಾ? "ಆಮಚ್ಯಾ ಹಾಟೆಲಾತ್ ಆಹೇ" ಎಂದೆ. ನಮ್ಮ ಹೋಟೆಲಿನಲ್ಲಿದೆ. ಅವನು ನಕ್ಕ. ಈ ಸಲ ಕೆಟ್ಟ ನಗುವಲ್ಲ.

ಹೆಡ್‌ಮಾಸ್ತರರು ನಮ್ಮ ಮಾಸ್ತರಿಗೆ, "ಜೂನಿನಲ್ಲಿ ಕಳಿಸಿ" ಎಂದಷ್ಟೇ ಹೇಳಿದರು. ಮಾಸ್ತರು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡು, "ಧೂಳು ಭಾಳ ಐತಿ ಈ ಸಾಲ್ಯಾಗ" ಎಂದರು. ಅಕ್ಕ ನನ್ನನ್ನು ತಬ್ಬಿಕೊಳ್ಳಲಿಲ್ಲ, ಹೊಗಳಲಿಲ್ಲ. ಬೆಳಿಗ್ಗೆಯಿಂದ ಬಿಚ್ಚದೆ ಇಟ್ಟಿದ್ದ ಇಡ್ಲಿಯ ಪೊಟ್ಟಣ ತೆಗೆದು, "ತಿನ್ನು, ಹಳಸುವ ಮೊದಲು" ಎಂದಳು. ಲೋಕಲಿನಲ್ಲಿ ಬಾಗಿಲ ಹತ್ತಿರ ನಿಂತು ಇಬ್ಬರೂ ತಿಂದೆವು. ಚಟ್ನಿ ಸ್ವಲ್ಪ ಹುಳಿಯಾಗಿತ್ತು. ಅಷ್ಟು ರುಚಿಯಾದ ಚಟ್ನಿ ನಾನು ಆಮೇಲೆ ತಿಂದಿಲ್ಲ.

ಹೋಟೆಲಿಗೆ ಹೋದಾಗ ಸಂಜೆಯ ಗಲಾಟೆ ತುದಿಗೇರಿತ್ತು. ಅಪ್ಪ ಕಾವಲಿಯ ಮೇಲೆ ಹಿಟ್ಟು ಹುಯ್ದು ಸುತ್ತುತ್ತಿದ್ದರು. ಅಕ್ಕ ಹಿಂಬಾಗಿಲಿನಿಂದಲೇ "ಸಿಕ್ಕಿತು" ಎಂದಳು. ಅಪ್ಪ ಸುತ್ತುವ ಕೈ ನಿಲ್ಲಿಸದೆ ನನ್ನ ಕಡೆ ತಿರುಗಿ, "ಜಿಗಿತ ಉಪಯೋಗಕ್ಕೆ ಬಂತಾ?" ಎಂದರು. ಅವರ ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ ಹೌದು ಎಂದುಬಿಡಲಾ ಅನ್ನಿಸಿತು. ಆದರೆ ಅಪ್ಪನಿಗೆ ನಾನು ಸುಳ್ಳು ಹೇಳುತ್ತಿರಲಿಲ್ಲ. "ಅಲ್ಲಿ ರಾಜನಿಗೆ ಜಿಗಿತ ಇಲ್ಲ ಅಪ್ಪಾ. ಎಲ್ಲರೂ ನಕ್ಕರು" ಎಂದೆ.

ಅಪ್ಪನ ಕೈ ನಿಂತಿತು. ನನಗೆ ತಿಳಿದ ಮಟ್ಟಿಗೆ ಅಪ್ಪನ ಕಾವಲಿಯಲ್ಲಿ ದೋಸೆ ಸೀದು ಕಪ್ಪಾದದ್ದು ಆ ಒಂದು ಸಲ ಮಾತ್ರ. "ನಾನೇ ಹೇಳಿ ಕಳಿಸಿದೆನಲ್ಲ" ಎಂದರು, ತಮಗೆ ತಾವೇ ಎಂಬಂತೆ. ಆಮೇಲೆ, "ಮತ್ತೆ ಹೇಗೆ ಗೆದ್ದೆ?"

"ನೀವು ನಡೆಸುವ ಹಾಗೆ ನಡೆಸಿದೆ. ಒಂದೊಂದೇ ಹೆಜ್ಜೆ, ಬಯಲಲ್ಲಿ. ಅವನಿಗೆ ಅದು ಗೊತ್ತಿರಲಿಲ್ಲ." ಆಮೇಲೆ ಕಾಲಾಳಿನ ವಿಷಯ ಹೇಳಿದೆ. ಕುದುರೆಯ ಮನೆಗೆ ಹೋಗಿ ಮಂತ್ರಿಯಾಯಿತು ಎಂದೆ. ಅಪ್ಪ ನಂಬಲಿಲ್ಲ. "ಕುದುರೆಯ ಮನೆಯಲ್ಲಿ ಮಂತ್ರಿಯಾ?"

"ಎಲ್ಲಿಂದ ಹೊರಟರೂ ಏನು ಬೇಕಾದರೂ ಆಗಬಹುದಂತೆ ಅಪ್ಪಾ. ಅವರೇ ಹೇಳಿದರು."

ಅಪ್ಪ ಸೀದ ದೋಸೆಯನ್ನು ಕೆರೆದು ತೆಗೆದು, ಕಾವಲಿಗೆ ನೀರು ಚಿಮುಕಿಸಿದರು. ಚುಂಯ್ ಎಂದು ಆವಿ ಎದ್ದು ಅವರ ಮುಖ ಕಾಣದಾಯಿತು. ಆವಿಯ ಹಿಂದಿನಿಂದ ಅವರ ದನಿ ಬಂತು: "ಅದು ಒಳ್ಳೆಯ ನಿಯಮ."

ಮರುದಿನ ಮಧ್ಯಾಹ್ನ ಮಾಮನ ಸೋಡಾ ಮುಚ್ಚಳ ಆನೆಯ ಮನೆ ಮುಟ್ಟಿತು. ಮಾಮ ಆನೆಗೆ ಕೈ ಹಾಕಿದರು. ಅಪ್ಪ ತಡೆದು, "ಏನು ಬೇಕು ಕೇಳಿ. ಇನ್ನು ಮೇಲೆ ಈ ಹಲಗೆಯಲ್ಲಿ ಹೀಗೇ" ಎಂದರು. ಮಾಮನಿಗೆ ತಲೆಬುಡ ತಿಳಿಯಲಿಲ್ಲ. ಮಂತ್ರಿ ತೆಗೆದುಕೊಂಡು ಅಪ್ಪನನ್ನು ಸೋಲಿಸಿದರು. ಸೋತ ಅಪ್ಪ ಅಂದು ಬಹಳ ಖುಷಿಯಲ್ಲಿದ್ದರು. ರಾಜನ ಜಿಗಿತವನ್ನು ಮಾತ್ರ ಅವರು ಕೊನೆಯವರೆಗೂ ಬಿಡಲಿಲ್ಲ. "ಅದು ನಮ್ಮ ಅಪ್ಪನದು, ಇರಲಿ" ಎನ್ನುತ್ತಿದ್ದರು.

ಆ ಹೈಸ್ಕೂಲು ಮುಗಿಸಿದೆ. ಹಗಲು ಕೆಲಸ, ಸಂಜೆ ಕಾಲೇಜು ಎಂದು ಓಡಾಡಿ ಬಿ.ಕಾಂ. ಮಾಡಿದೆ. ನಮ್ಮ ಕುಟುಂಬದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ದೊಡ್ಡ ದನಿಯಲ್ಲಿ ಹೇಳಲು ನನಗೆ ಸಂಕೋಚವಿಲ್ಲ. ಅಕ್ಕ ನಿಂತಲ್ಲಿಂದ ನಾನು ಮುಂದೆ ಹೋದೆ. ಅವಳು ಕಿಟಕಿಯ ಹೊರಗೆ ನಿಂತಿದ್ದಳು, ನಾನು ಒಳಗೆ ಕೂತಿದ್ದೆ. ಅದನ್ನು ನಾನು ಮರೆತಿಲ್ಲ, ನೀವೂ ಮರೆಯಬಾರದು.

ಈಗ ನಿಮ್ಮ ಕಾಲ. ನಿಮಗೆ ಮೊಬೈಲಿನಲ್ಲಿ ಕೋಚ್ ಬರುತ್ತಾರೆ. ತುರ್ಭೆಯ ಟ್ರಾಫಿಕ್ಕಿನಲ್ಲಿ ಕಾರು ನಿಂತಿರುವಾಗಲೂ ನೀವು ಯಾವುದೋ ದೇಶದ, ಮುಖ ಕಾಣದ ಮಕ್ಕಳ ಜೊತೆ ಆಡುತ್ತೀರಿ. ನಿಯಮಗಳೆಲ್ಲ ನಿಮಗೆ ಬಾಯಿಪಾಠ. ನಾನು ನಿಮ್ಮ ಹೆಗಲ ಮೇಲಿಂದ ಇಣುಕಿ ನೋಡಿದ್ದೇನೆ. ಅದರಲ್ಲಿ ತಪ್ಪು ಮನೆಗೆ ಕಾಯಿ ಇಡಲು ಹೋದರೆ ಅದು ತಾನಾಗಿಯೇ ಜಾರಿ ಹಿಂದಕ್ಕೆ ಬರುತ್ತದೆ. ಯಾರೂ ಎದ್ದು ಕೂಗುವುದಿಲ್ಲ, ಯಾರೂ ಕೆನೆಯುವುದಿಲ್ಲ. ಒಂದು ಕಾಯಿಯನ್ನು ಮುಟ್ಟಿ, ಬೇಡವೆನಿಸಿದರೆ ಬಿಟ್ಟು, ಇನ್ನೊಂದನ್ನು ಮುಟ್ಟಬಹುದು. ಮರದ ಕಾಯಿ ಹಾಗಲ್ಲ. ನನ್ನ ಕೈ ಹೋಟೆಲಿನ ಹಲಗೆಯ ಅಭ್ಯಾಸವನ್ನು ಕಲ್ಯಾಣಕ್ಕೆ ಹೊತ್ತುಕೊಂಡು ಹೋಯಿತು. ನಿನ್ನ ಕೈ ಮೊಬೈಲಿನ ಅಭ್ಯಾಸವನ್ನು ನೆರೂಳ್‌ಗೆ ಹೊತ್ತುಕೊಂಡು ಹೋಯಿತು, ಅಷ್ಟೇ ಮಗಳೇ. ಆಟ ಬಾರದೆ ಸೋತದ್ದಲ್ಲ.

ಇಷ್ಟನ್ನೂ ನಿನ್ನೆ, ಒಂಟೆ ಮುಟ್ಟಿ ಸೋತವಳಿಗೆ ಹೇಳಿದೆ. ಅವಳು ಕನ್ನಡದಲ್ಲಿ ಕೇಳಿ, ಹಿಂದಿಯಲ್ಲಿ ಉತ್ತರಿಸುವವಳು. ಎಲ್ಲ ಕೇಳಿಸಿಕೊಂಡು, "ಔರ್ ಆಪ್‌ಕೇ ಪಾಪಾ ಕಾ ಬೋರ್ಡ್ ಕಹಾಂ ಹೈ?" ಎಂದಳು. ಮುತ್ತಜ್ಜನ ಹಲಗೆ ನನ್ನ ಕಪಾಟಿನಲ್ಲಿ ಸೀರೆಗಳ ಕೆಳಗಿದೆ. ತೆಗೆದು ಕೊಟ್ಟೆ. ಮೂಗಿನ ಹತ್ತಿರ ಹಿಡಿದು ಮೂಸಿದಳು. ವಾಸನೆ ಏನೂ ಇಲ್ಲ ಎಂದಳು, ನನಗೆ ಮಾತ್ರ ಇನ್ನೂ ಸಾಂಬಾರಿನದು ಬರುತ್ತದೆ. ಕಾಯಿಗಳನ್ನು ಹೂಡಿದಳು. ಹಿತ್ತಾಳೆಯ ತಿರುಪನ್ನು ಕುದುರೆಯ ಮನೆಯಲ್ಲಿ ಇಟ್ಟಳು. ನಾನು ಮೊದಲ ಕಾಲಾಳನ್ನು ನಡೆಸಿದೆ. ಅವಳ ಕೈ ಎಂದಿನಂತೆ ಸರ್ರನೆ ಮುಂದೆ ಬಂತು. ನಡುವೆ ನಿಂತಿತು. ಹಿಂದಕ್ಕೆ ಹೋಯಿತು. ಅವಳು ಎರಡೂ ಕೈಗಳನ್ನು ಎದೆಯ ಮೇಲೆ ಗಟ್ಟಿಯಾಗಿ ಕಟ್ಟಿಕೊಂಡು ಹಲಗೆಯನ್ನು ನೋಡುತ್ತಾ ಕೂತಳು.

ಅಕ್ಕ ಕಿಟಕಿಯ ಹೊರಗೆ ನಿಂತಿದ್ದುದೂ ಹೀಗೆಯೇ.